ಬೇರಿನ ಹೇಳಿಕೆ

ಸಂತೆಯಿಂದ ತಂದ ಹಸಿ ಕಡಲೆಗಿಡದ ಕಟ್ಟನ್ನು ನಿನ್ನೆ ರಾಮತೀರ್ಥ ನಗರದ ನಮ್ಮ ಅಡುಗೆಮನೆಯಲ್ಲಿ ಬಿಚ್ಚಿದೆ. ಕಾಯಿಗಿಂತ ಮೊದಲು ಬೇರಿನ ಮಣ್ಣು ಮೂಗಿಗೆ ಬಂತು. "ಬೇರು ಕತ್ತರಿಸಿ ಒಗೀರಿ, ಅಡಗಿ ಕಟ್ಟಿ ಎಲ್ಲಾ ರಾಡಿ ಆತು," ಎಂದಳು ಹೆಂಡತಿ. ನಾನು ಒಗೆಯಲಿಲ್ಲ. ಕಾರಣ ಹೇಳುತ್ತೇನೆ, ಅದರಲ್ಲಿ ನನ್ನ ಮಾನ ಸ್ವಲ್ಪ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಖಾನಾಪುರದಲ್ಲಿ ವರದಿಗಾರನಾಗಿದ್ದೆ. ಮನೆಯೊಡತಿ ಪದ್ಮಕ್ಕ, ಜೈನರು, ಎಪ್ಪತ್ತರ ಹತ್ತಿರದವರು. ಹಿತ್ತಲಲ್ಲಿ ನಾಲ್ಕು ಸಾಲು ಕಡಲೆ ಬೆಳೆಯುತ್ತಿದ್ದರು. ಮಣ್ಣೊಳಗಿನ ಜೀವಗಳಿಗೆ ನೋವಾಗಬಾರದೆಂದು ಆ ಮನೆಯಲ್ಲಿ ಏನನ್ನೂ ಕೀಳುತ್ತಿರಲಿಲ್ಲ. ಕಳೆಯನ್ನೂ ಕುಡುಗೋಲಿನಿಂದಲೇ ಕೊಯ್ಯುತ್ತಿದ್ದರು. ಇದು ತಿಳಿಯದ ನಾನು ಸಹಾಯಕ್ಕೆಂದು ಹೋಗಿ ಕಳೆ ಕಿತ್ತೆ. ಕೈಗೆ ಬಂದದ್ದು ಕಡಲೆಗಿಡ.

ಬೇರಿನ ತುಂಬ ಗಂಟುಗಳು. ಹಿಂದಿನ ವಾರವಷ್ಟೇ ಟೊಮೆಟೊ ಬೇರಿನ ಗಂಟುರೋಗದ ಬಗ್ಗೆ ಬರೆದಿದ್ದ ಪಂಡಿತ ನಾನು. "ರೋಗ! ನಾಲ್ಕೂ ಸಾಲು ಕಿತ್ತು ಸುಡಬೇಕು," ಎಂದು ತೀರ್ಪು ಕೊಟ್ಟೆ.

ಪದ್ಮಕ್ಕನ ಮುಖ ಬಾಡಿತು. "ತವರಿನ ಬೀಜ ಇದು. ಬ್ಯಾರೆ ಎಲ್ಲೂ ಉಳದಿಲ್ಲೋ." ಆಮೇಲೆ ನನ್ನನ್ನು ದಿಟ್ಟಿಸಿದರು. "ಎರಡೂ ಬಾಜು ಕೇಳದ ಬರಿಯೂದಿಲ್ಲ ಅಂತಿ. ಬೇರಿನ ಬಾಜು ಕೇಳಿದಿ ಏನು?"

ಕೇಳಿರಲಿಲ್ಲ. ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪಕ್ಕದ ಓಣಿಯ ನಿವೃತ್ತ ಕೃಷಿ ಮೇಷ್ಟ್ರ ಬಳಿಗೆ ಒಯ್ದೆ. ಅವರು ಬ್ಲೇಡಿನಿಂದ ಒಂದು ಗಂಟು ಸೀಳಿದರು. ಒಳಗೆ ಗುಲಾಬಿ ಬಣ್ಣ.

"ರೋಗ ಅಲ್ರೀ ಸಾಹೇಬ್ರ, ಬೀಗರು ಬಂದಾರ! ಬೇರು ತಾನ ಒಂದು ರಸ ಬಿಟ್ಟು ಕರದೈತಿ. ಬ್ಯಾಕ್ಟೀರಿಯಾ ತಮ್ಮ ರಸದಾಗ ಓ ಅಂದಾವು. ಗುರ್ತು ಹತ್ತಿದ ಮ್ಯಾಲ ಬೇರು ಮನಿ ಕಟ್ಟಿ ಕೊಟ್ಟೈತಿ. ಅವು ಗಾಳ್ಯಾಗಿನ ಸಾರಜನಕ ಹಿಡದು ಗೊಬ್ಬರ ಮಾಡಿ ಕೊಡ್ತಾವು."

"ಕೆಟ್ಟವು ಬಂದ್ರ?"

"ಬೇರು ಒಳಗ ಬಿಡದಂಗ ತನ್ನ ಗ್ವಾಡಿ ಗಟ್ಟಿ ಮಾಡಿ ವಿಷ ಉಗುಳತೈತಿ. ಒಮ್ಮೊಮ್ಮೆ ಸೋಲತೈತಿ, ಖರೇ."

ಸುದ್ದಿ ಕೇಳಿದ ಪದ್ಮಕ್ಕ ಹಿತ್ತಲಲ್ಲೇ ಕುಳಿತು ಕಣ್ಣೀರು ಬರುವಷ್ಟು ನಕ್ಕರು. "ಇಷ್ಟು ವರ್ಷ ನಮ್ಮ ಹಿತ್ತಲದಾಗ ಬೀಗರು ಇದ್ರು, ಒಂದು ಕಪ್ಪು ಚಾ ಕೇಳಲಿಲ್ಲ ನೋಡು!" ಆ ಸಾಲುಗಳು ನಿಂತವು, ಕಾಯಿ ಕಟ್ಟಿದವು. ನಾನು ಕಿತ್ತ ಗಿಡದ ಜಾಗ ಮಾತ್ರ ಬಿದ್ದ ಹಲ್ಲಿನಂತೆ ಖಾಲಿ ಕಾಣುತ್ತಿತ್ತು. ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು.

ನಿನ್ನೆ ನಾನೂ ಬ್ಲೇಡು ತಂದು ಬೇರಿನ ಗಂಟು ಸೀಳಿದೆ. ಎರಡು ಗಂಟು ಸತ್ತು ಕಂದು ಬಣ್ಣಕ್ಕೆ ತಿರುಗಿದ್ದವು. ಮೂರನೆಯದು ಗುಲಾಬಿ. ತಕ್ಷಣ ಖಾನಾಪುರಕ್ಕೆ ಫೋನು ಹಚ್ಚಿದೆ.

"ಪದ್ಮಕ್ಕಾ, ಬೀಗರು ಆರಾಮ ಅದಾರ್ರೀ!"

"ಕಿತ್ತಾಂವ ಯಾರು? ನೀನ ಏನು?"

"ಈ ಸಲ ನಾ ಅಲ್ರೀ, ಸಂತಿಯವ್ರು."

"ಹಂಗಾರ ಬಾ, ಬೀಜ ಕೊಡ್ತೀನಿ."

ಬಾಲ್ಕನಿಯ ಕುಂಡ ಸಜ್ಜು ಮಾಡಲು ಹೋದೆ. ಅದರಲ್ಲಿ ಕಳೆ ಎದ್ದಿತ್ತು. ಕೈ ಹಾಕಿದವನು ಹಿಂದೆ ತೆಗೆದೆ. ಒಳಗೆ ಹೋಗಿ ಕತ್ತರಿ ತಂದೆ.