ಚರ್ಚ್ ಕಟ್ಟಿಸಿದ ಮುತ್ಯಾನ ಸಮಾಧಿ

ಕರೆಂಟ್ ಹೋಗಬಹುದು, ಮೈಕ್ ಕೈಕೊಡಬಹುದು, ಅತಿಥಿಗೆ ಬಿಸಿಲು ಬಡಿಯಬಹುದು, ಚರ್ಚಿನ ಚರಿತ್ರೆ ಹೇಳುವಾಗ ನನ್ನ ನಾಲಿಗೆಯೇ ತೊದಲಬಹುದು. ಸ್ಕಾಟ್ಲೆಂಡಿನಿಂದ ಜೇವರ್ಗಿ ಸೀಮೆಯ ನಮ್ಮೂರಿಗೆ ಬಂದು ನೆಲೆಸಿ, ಚರ್ಚ್ ಕಟ್ಟಿಸಿದವರ ಮರಿಮೊಮ್ಮಗಳು ಬರುತ್ತಾರೆಂದು ತಿಳಿದಾಗಿನಿಂದ ನನಗೆ ನಿದ್ದೆಯಿರಲಿಲ್ಲ. ಊರಿನ ಮಾನ ನನ್ನ ಭಾಷಣದ ಮೇಲೆ ನಿಂತಿದೆಯೆಂದು ನಂಬಿದ್ದವನು ನಾನೊಬ್ಬನೇ.

ಅದೇನೂ ಆಗಲಿಲ್ಲ. ಚರಿತ್ರೆಯನ್ನು ಒಂದೂ ತಪ್ಪಿಲ್ಲದೆ ಹೇಳಿದೆ, ಎಲ್ಲರೂ ಆಕಳಿಸಿದರು. ಆಮೇಲೆ ಅತಿಥಿ ಚರ್ಚಿನ ಹಿತ್ತಲಿನಲ್ಲಿದ್ದ ಮುತ್ತಜ್ಜನ ಸಮಾಧಿಯ ಮುಂದೆ ಮೊಣಕಾಲೂರಿ, ಕಲ್ಲಿಗೆ ಮುತ್ತಿಟ್ಟರು. ಬೇಸಿಗೆಯಿಡೀ ಆ ಕಲ್ಲಿನ ಮೇಲೆ ನಮ್ಮವರು ಮೆಣಸಿನಕಾಯಿ ಒಣಗಿಸುತ್ತಾರೆ. ಹಿಂದಿನ ದಿನವಷ್ಟೇ ಗುಡಿಸಿದ್ದೆವು. ಅದನ್ನು ನಾನು ಚರಿತ್ರೆಯಲ್ಲಿ ಸೇರಿಸಿರಲಿಲ್ಲ. ಅವರ ತುಟಿ ಕೆಂಪಾಯಿತು, ಕಣ್ಣಲ್ಲಿ ನೀರು ಧಾರಾಕಾರ.

"ಮುತ್ಯಾನ ಮ್ಯಾಲ ಎಷ್ಟ ಮಾಯಾ ಅದ ನೋಡ್ರಿ ಆಕಿಗಿ, ಹೆಂಗ ಅಳಾಕತ್ತಾಳ!" ಎನ್ನುತ್ತ ನಮ್ಮತ್ತೆ ಸೆರಗಿನಿಂದ ತಾನೂ ಕಣ್ಣೊರೆಸಿಕೊಂಡಳು.