ಮನಿ ಅಲ್ಲ, ಮನೆ

ನಮ್ಮ ಸೇಡಂ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ರೇವಣಪ್ಪ ಮಾಸ್ತರು ೧೯೭೪ರಲ್ಲಿ ಒಂದು ವರ್ಷ ಜರ್ಮನಿಗೆ ಹೋಗಿ ಬಂದರು. ಮಳಖೇಡದ ಕೋಟೆ ನೋಡಲು ಬಂದಿದ್ದ ಜರ್ಮನ್ ಪ್ರೊಫೆಸರರಿಗೆ ಇವರು ಮೂರು ದಿನ ಬಿಸಿಲಲ್ಲಿ ದಾರಿ ತೋರಿಸಿದ್ದರು. ಆ ಪುಣ್ಯಾತ್ಮ ಊರು ಮುಟ್ಟಿದವನೇ, ತನ್ನ ಹತ್ತಿರ ಆರು ಜನ ಕನ್ನಡ ಕಲಿಯುತ್ತಿದ್ದಾರೆ, ಅವರೊಡನೆ ಮಾತಾಡಲು ಒಬ್ಬ ಸಹಾಯಕ ಬೇಕು ಎಂದು ಪತ್ರ ಬರೆದ. ಆ ಮೂರು ದಿನವೂ ಪ್ರೊಫೆಸರರ ಛತ್ರಿ ಹಿಡಿದು ಹಿಂದೆ ನಡೆದವನು ಗಣಿತದ ಮಾಸ್ತರನಾದ ನಾನು. ನನಗೆ ಒಂದು ಕಾರ್ಡೂ ಬರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೂ ವಾಡಿ ಸ್ಟೇಷನ್ನಿನ ತನಕ ಹೋಗಿ ಟ್ರಂಕು ಹತ್ತಿಸಿ ಬಂದೆ.

ರೇವಣಪ್ಪನವರು ಹುಟ್ಟಿದ್ದು ನಮ್ಮ ಗುಲ್ಬರ್ಗ ಸೀಮೆಯ ತೆಂಗಳಿಯಲ್ಲಿ, ಮಾತೂ ತೆಂಗಳಿಯದೇ. ಜರ್ಮನಿಯ ತರಗತಿಯಲ್ಲಿ ಅದು ಬಾಯಿಂದ ಬಂದರೆ ಮಾನ ಹೋಗುತ್ತದೆ, ಪುಸ್ತಕದ ಕನ್ನಡವನ್ನೇ ಆಡಬೇಕು ಎಂದು ಅವರ ಹಟ. ಮೊದಲ ದಿನ ಅರ್ಧ ಗಂಟೆ ಹೇಗೋ ತಡೆದುಕೊಂಡರಂತೆ. ಅಷ್ಟರಲ್ಲಿ ತಡವಾಗಿ ಬಂದ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತಳು.

"ಯಾಕ ನಿಂತೀರಿ? ಒಳಗ ಬರ್ರಿ, ಕುಂದ್ರಿ," ಅಂದುಬಿಟ್ಟರು.

ಎಲ್ಲರೂ ಅದನ್ನು ಬರೆದುಕೊಂಡರು. ಅಲ್ಲಿಗೆ ಹಟ ಮುಗಿಯಿತು. ಆ ಹುಡುಗಿಯ ಹೆಸರು ಗೆರ್ಟ್ರೂಡ್. ಮಾಸ್ತರ ನಾಲಿಗೆ ಅದಕ್ಕೆ ಒಗ್ಗದೆ ಗುರುದೇವಿ ಎಂದು ಕರೆದರು. ಆರು ತಿಂಗಳಲ್ಲಿ ಗುರುದೇವಿ "ನಾ ಮನಿಗಿ ಹೊಂಟೀನ್ರಿ, ಭಾಳ ಥಂಡಿ ಅದ" ಎನ್ನತೊಡಗಿದಳು. ಮಾಸ್ತರಿಗೆ ಮೊದಲು ಖುಷಿಯಾಯಿತು, ಆಮೇಲೆ ಚಿಂತೆ ಹತ್ತಿತು. ವರ್ಷದ ಕೊನೆಗೆ ಮಾತಿನ ಪರೀಕ್ಷೆ ಇತ್ತು. ಪಾಸಾದರೆ ಅವಳಿಗೆ ಎರಡು ವರ್ಷ ಕರ್ನಾಟಕದಲ್ಲಿ ಓದುವ ವಿದ್ಯಾರ್ಥಿವೇತನ, ಫೇಲಾದರೆ ಅಪ್ಪನ ಮಾಂಸದ ಅಂಗಡಿಯಲ್ಲಿ ತಕ್ಕಡಿ. ಪರೀಕ್ಷಕರೋ ಮೈಸೂರಿನ ಪಂಡಿತರು! ತನ್ನ ನಾಲಿಗೆಯಿಂದ ಆ ಕೂಸಿನ ಬಾಳು ಕೆಡುತ್ತದಲ್ಲ ಎಂದು ರೇವಣಪ್ಪನವರು ಒದ್ದಾಡಿದರು.

ಕಡೆಗೆ ಒಂದು ಸೂತ್ರ ಹೇಳಿಕೊಟ್ಟರು. ನಾವು ಮನಿ ಅನ್ನುತ್ತೇವೆ, ಪುಸ್ತಕದಲ್ಲಿ ಮನೆ. ನಾವು ಎಲಿ, ಪುಸ್ತಕದಲ್ಲಿ ಎಲೆ. ಹಾಗಾಗಿ ಶಬ್ದದ ಕೊನೆಗೆ 'ಇ' ಬಂದರೆ 'ಎ' ಮಾಡು.

ಜರ್ಮನಿಯ ಹುಡುಗಿ, ಸೂತ್ರ ಅಂದರೆ ಸೂತ್ರವೇ. ಮರುದಿನ ಬಂದು "ನಾಯೆಯು ನದೆಯಲ್ಲಿ ಬಿದ್ದಿತು, ಗಾಳೆ ಬೀಸಿತು" ಎಂದಳು. ನಾಯಿ ನಾಯಿಯೇ, ಬದಲಾಗುವುದಿಲ್ಲ ಎಂದರೆ "ಯಾಕ್ರಿ?" ಎಂದಳು. ಹದಿನೈದು ದಿನ ತಿದ್ದಿ ತಿದ್ದಿ, ಕುರ್ಚಿಯೋ ಕುರ್ಚೆಯೋ, ಬಿಸಿಯೋ ಬಿಸೆಯೋ ಎಂಬುದು ಅವರಿಗೇ ಮರೆತುಹೋಯಿತು. ಹುಡುಗರ ನಿಬಂಧದ ಮೇಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದವರ ಗತಿ ಇದು! ಊರಿಗೆ ಮರಳಿದ ಮೇಲೆ ಅವರ ಬಾಯಿಂದಲೇ ಇದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಂದು ಚಹಾ ನಾನೇ ಕುಡಿಸಿದೆ.

ಪರೀಕ್ಷೆಯ ದಿನ ಒಳಗೆ ಹೋಗುವಾಗ ಗುರುದೇವಿ, "ಮಾಸ್ತರ್ರ, ಆ ಸೂತ್ರ ಬಿಡ್ತೀನ್ರಿ. ತಲಿ ಕೆಡ್ತದ. ಮೊದಲಿನಂಗ ಮಾತಾಡ್ತೀನಿ," ಎಂದು ಬಾಗಿಲು ಹಾಕಿಕೊಂಡಳು. ಇವರು ಹೊರಗೆ ಇಷ್ಟಲಿಂಗ ಹಿಡಿದು ಕೂತರು. ಒಳಗಿಂದ ಅವಳ ಮಾತು ಎಡೆಬಿಡದೆ ಕೇಳುತ್ತಿತ್ತು. ಅಪ್ಪನ ಅಂಗಡಿ, ಅವ್ವನ ಸಿಟ್ಟು, ತಾನು ಹಿಮದಲ್ಲಿ ಜಾರಿ ಬಿದ್ದದ್ದು. ನಡುವೆ ಪಂಡಿತರು ಜೋರಾಗಿ ನಕ್ಕರು. ಅದು ಎಂಥ ನಗು ಎಂದು ತಿಳಿಯದೆ ಇವರು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು.

ಬಾಗಿಲು ತೆರೆಯಿತು. "ಪಾಸು! ಕಣ್ಣು ಮುಚ್ಚಿದರೆ ಗುಲ್ಬರ್ಗದಲ್ಲಿ ಕೂತ ಹಾಗಿತ್ತು," ಎಂದರು ಪಂಡಿತರು. "ಕಲಿಸಿದವರು ನೀವೇನಾ? ಇಲ್ಲಿ ಯಾಕೆ ಕೂತಿದ್ದೀರಿ?"

ರೇವಣಪ್ಪನವರು ಎದ್ದು, ಕೈ ಮುಗಿದು, ತಮಗೆ ತಿಳಿದಷ್ಟು ಶುದ್ಧವಾಗಿ ಹೇಳಿದರು: "ಒಳಗೆ ಬಿಸೆ ಗಾಳೆ ಇತ್ತು. ಆದ್ದರಿಂದ ಹೊರಗೆ ಚಳೆಯಲ್ಲಿ ಕುರ್ಚೆಯ ಮೇಲೆ ಕುಳಿತಿರುತ್ತೇನೆ."

ಪಂಡಿತರು ತಬ್ಬಿಬ್ಬಾದರು. ಇದು ಯಾವ ಸೀಮೆಯ ಕನ್ನಡ ಎಂಬಂತೆ ಅತ್ತಿತ್ತ ನೋಡಿದರು. ಗುರುದೇವಿ ಮಾಸ್ತರ ತೋಳು ಹಿಡಿದು ಮೆಲ್ಲಗೆ ಅಂದಳು:

"ಅಂಜಬ್ಯಾಡ್ರಿ ಮಾಸ್ತರ್ರ. ನಮ್ಮ ಭಾಷಾದಾಗ ಹೇಳ್ರಿ."