ಹಗುರಕ ಇಳಿ

ಕಾಕಾನ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಕಪ್ಪು ಹಲ್ಲುಗುರುತು ಸದಾ ಇರುತ್ತಿತ್ತು. ಲುಂಗಿ ಎತ್ತಿ ಕಟ್ಟಿ ಮೆಟ್ಟಿಲಿಳಿದು ಬರುವಾಗ ಮೊದಲು ಕಾಣುತ್ತಿದ್ದುದೇ ಅದು. ಅವರ ಹೆಂಡತಿ ಸೀಮೆಎಣ್ಣೆ, ಬಟ್ಟೆ ಸೋಪು, ಕಡೆಗೆ ಪಾತ್ರೆ ತಿಕ್ಕುವ ನಾರನ್ನೂ ಹಿಡಿದು ಉಜ್ಜಿ ಸೋತಿದ್ದರು. ಅಷ್ಟೋ ಇಷ್ಟೋ ಹೋಯಿತು ಅನ್ನುವಷ್ಟರಲ್ಲಿ ಭಾನುವಾರ ಬಂದು ಹೊಸ ಗುರುತು ಮೂಡಿಬಿಡುತ್ತಿತ್ತು.

ಅಲ್ಲಾಳಸಂದ್ರದ ನಮ್ಮ ಮನೆಯ ಮೇಲಿನ ಮಹಡಿಗೆ ಅವರು ಬಾಡಿಗೆಗೆ ಬಂದದ್ದು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ. ಊರು ವಿಜಯಪುರದ ಕಡೆ. ಚಿಕ್ಕಪ್ಪನಿಗೆ ಅಲ್ಲಿ ಕಾಕಾ ಅನ್ನುತ್ತಾರೆ, ಚಿಕ್ಕಮ್ಮನಿಗೆ ಕಾಕು. ನಾನೂ ಹಾಗೇ ಕರೆದೆ. ಹುಡುಗರಾಗಿದ್ದಾಗ ಊರಿನ ಸೈಕಲ್ ರೇಸುಗಳಲ್ಲಿ ಓಡಿದವರಂತೆ, ಅದೂ ಬೇರೆಯವರ ಸೈಕಲ್ ಕೇಳಿ ತಂದು. ತನ್ನದೇ ಒಂದು ರೇಸ್ ಸೈಕಲ್ ಬೇಕು ಅನ್ನುವ ಆಸೆ ಮಾತ್ರ ತಲೆ ಬೆಳ್ಳಗಾದರೂ ಹೋಗಿರಲಿಲ್ಲ.

ನಾನಾಗ ಮಂಡಿನೋವು, ತೂಕ, ಆಫೀಸಿನ ಸಿಟ್ಟು ಎಲ್ಲವನ್ನೂ ಹೊತ್ತುಕೊಂಡು ಓಡಾಡುತ್ತಿದ್ದ ಹೆಂಗಸು. ಒಂದು ದಿನ ಗೇಟಿನ ಹತ್ತಿರ ಯಾರ ಜೊತೆಯೋ ಫೋನಿನಲ್ಲಿ ಕಿರುಚಾಡುತ್ತಿದ್ದಾಗ ಕಾಕಾ ಸುಮ್ಮನೆ ನಿಂತು ಕೇಳಿಸಿಕೊಂಡರು.

"ಯವ್ವಾ, ಈ ಸಿಟ್ಟು ಪೆಡಲಿಗೆ ಹಾಕಿದ್ರ ನಂದಿ ಬೆಟ್ಟ ಹತ್ತತೀ ನೋಡು," ಅಂದರು.

ಹತ್ತಿಯೇಬಿಟ್ಟೆ. ಒಂದೇ ದಿನಕ್ಕಲ್ಲ, ಎಷ್ಟೋ ಭಾನುವಾರಗಳು ಅರ್ಧಕ್ಕೆ ನಿಂತು, ವಾಂತಿ ಮಾಡಿಕೊಂಡು, ಬೆಟ್ಟಕ್ಕೂ ಕಾಕಾನಿಗೂ ಸೇರಿಸಿ ಬೈದು. ಅಮ್ಮನದು ಬೇರೆಯೇ ಗೋಳು. "ಎಣ್ಮಗು ಇಂಗೆ ಚಡ್ಡಿ ಆಕ್ಕಂಡು ಓದ್ರೆ ಜನ ಏನಂದಾರು!" ಜನ ಏನೂ ಅನ್ನಲಿಲ್ಲ. ಆ ಮುಂಜಾವಿನಲ್ಲಿ ಏರ್‌ಪೋರ್ಟ್ ರಸ್ತೆಯಲ್ಲಿ ಅನ್ನುವುದಕ್ಕೆ ಜನ ಎಲ್ಲಿರುತ್ತಾರೆ?

ಹತ್ತುವಾಗ ಕಾಕಾನದು ಒಂದೇ ನೇಮ. ಎಷ್ಟೇ ನಿಧಾನವಾಗಲಿ, ಕಾಲು ನೆಲಕ್ಕೆ ತಾಗಬಾರದು. "ಕಾಲೂರಬ್ಯಾಡ" ಎಂದು ಹಿಂದಿನಿಂದ ಕೂಗುತ್ತಿದ್ದರು. ನಾನು ಬುಸುಗುಟ್ಟುತ್ತ ಮುಂದೆ ಹೋಗಿ ಯಾವುದೋ ತಿರುವಿನಲ್ಲಿ ಕಾಲೂರಿ ನಿಂತಿರುತ್ತಿದ್ದೆ. ಅವರು ದೇವರ ಪ್ರದಕ್ಷಿಣೆ ಹಾಕುವವರ ಹಾಗೆ ಬಂದು, ನನ್ನ ಕಡೆ ನೋಡದೆ ದಾಟಿ ಹೋಗುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು.

ಮೊದಲ ಸಲ ತುದಿ ಮುಟ್ಟಿ ಇಳಿಯುವಾಗ ಆದದ್ದನ್ನು ಹೇಳಲೇಬೇಕು. ಇಳಿಜಾರಿನಲ್ಲಿ ಸೈಕಲ್ ಓಡತೊಡಗಿತು. ಹಿಂದಿನಿಂದ ಕಾಕಾ "ಹಗುರಕ! ಹಗುರಕ!" ಎಂದು ಒಂದೇ ಸಮ ಕೂಗಿದರು. ಹಗುರ ಅಂದರೆ ಭಾರವಿಲ್ಲದ್ದು ಅಂತ ತಾನೆ? ಬ್ರೇಕನ್ನು ಬಿಗಿಯಾಗಿ ಹಿಡಿದಿದ್ದೇನೆ, ಹಗುರ ಮಾಡು ಅನ್ನುತ್ತಿದ್ದಾರೆ ಅಂದುಕೊಂಡು ಕೈ ಸಡಿಲ ಬಿಟ್ಟೆ. ಮುಂದಿನ ತಿರುವಿನಲ್ಲಿ ಜಲ್ಲಿಯ ಮೇಲೆ ಬಿದ್ದಿದ್ದೆ.

"ನಾ ಏನಂದೆ, ನೀ ಏನ್ ಮಾಡಿದಿ?" ಎಂದು ಕಾಕಾ ಓಡಿ ಬಂದರು.

"ನೀವೇ ತಾನೆ ಹಗುರ ಅಂದಿದ್ದು! ಬ್ರೇಕ್ ಹಗುರ ಮಾಡ್ದೆ!"

"ಯವ್ವಾ, ನಮ್ಮ ಕಡೆ ಹಗುರಕ ಅಂದ್ರ ಸಾವಕಾಶ. ನಿಧಾನ!"

"ಹಂಗಾದ್ರೆ ನಿಧಾನ ಅನ್ಬೇಕು ಕಾಕಾ! ಕನ್ನಡದಲ್ಲಿ ಹೇಳಿ!"

"ಮತ್ತ ನಾ ಏನು ಇಂಗ್ಲಿಷಿನ್ಯಾಗ ಅಂದ್ನೇನು?"

ನನ್ನ ಮೊಣಕೈಗೆ ಬಾಟಲಿಯ ನೀರು ಸುರಿಯುತ್ತ, ರಸ್ತೆಬದಿಯ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ಅಳುತ್ತಲೇ ನಕ್ಕೆ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಉಳಿದುಬಿಟ್ಟಿತು. ಆಫೀಸಿಗೆ ಹೊರಟರೂ ಹಗುರಕ, ಊಟಕ್ಕೆ ಕೂತರೂ ಹಗುರಕ. ಅವರು ಹೇಳುವುದು, ನಾನು ಕೇಳದೆ ಇರುವುದು.

ಒಂದು ಮಧ್ಯಾಹ್ನ ಯಶವಂತಪುರದ ಗುಜರಿ ಅಂಗಡಿಯಿಂದ ಕಾಕಾ ಆಟೋದಲ್ಲಿ ಒಂದು ತುಕ್ಕು ಹಿಡಿದ ಫ್ರೇಮ್ ತಂದರು. ಹಳೆಯ ಕಾಲದ ರೇಸ್ ಸೈಕಲ್ಲು, ಬಾಗಿದ ಹ್ಯಾಂಡಲ್ಲು, ಚಕ್ರಗಳೇ ಇಲ್ಲ. "ಇದ ನೋಡು, ನಮ್ಮೂರ ರೇಸಿನ್ಯಾಗ ನನ್ನ ದಾಟಿ ಹೋದ ಸೈಕಲ್ಲು," ಅಂದರು. ಅದೇ ಸೈಕಲ್ ಅಲ್ಲ, ಅಂಥದ್ದು. ಆದರೆ ಅವರ ಮುಖ ನೋಡಿದರೆ ಅದೇ ಅಂತ ನಾನೂ ನಂಬಿದ್ದೆ.

"ಅಳೇ ಕಬ್ಬಿಣಕ್ಕೆ ಈಪಾಟಿ ಉಪಚಾರವೇ!" ಅಂತ ಅಮ್ಮ ದಿನಾ ಗೊಣಗುತ್ತಿದ್ದಳು. ನಟ್ಟುಗಳು ಸೀಮೆಎಣ್ಣೆಯ ಡಬ್ಬಿಯಲ್ಲಿ ನೆನೆಯುತ್ತಿದ್ದವು. ಫ್ರೇಮಿನ ಹಸಿರು ಬಣ್ಣವನ್ನು ಕಾಕಾ ಕೆರೆಯಲು ಬಿಡಲಿಲ್ಲ. ತುಕ್ಕನ್ನಷ್ಟೇ ತೆಗೆದು, ಹಳೆಯ ಗೀರುಗಳನ್ನು ಹಾಗೇ ಉಳಿಸಿದರು. "ಅದು ಓಡಿದ್ದಕ್ಕ ಬಂದ ಗಾಯ, ಮುಚ್ಚಬಾರದು," ಅನ್ನುತ್ತಿದ್ದರು. ಅದಕ್ಕೆ ಹೊಂದುವ ಚಕ್ರಗಳಿಗಾಗಿ ಯಶವಂತಪುರವನ್ನೆಲ್ಲ ಜಾಲಾಡಿದೆವು. ಸಿದ್ಧವಾದ ದಿನ ಅದರಲ್ಲಿ ಅವರೇ ನಂದಿ ಹತ್ತುವುದು, ನಾನು ಹಿಂದಿನಿಂದ "ಕಾಲೂರಬ್ಯಾಡಿ" ಎಂದು ಕೂಗುವುದು, ಹಾಗಂತ ಮಾತಾಗಿತ್ತು.

ಚಕ್ರಗಳು ಸಿಕ್ಕವು. ಅಷ್ಟರಲ್ಲಿ ಕಾಕಾನ ಶ್ವಾಸಕೋಶ ಕೈಕೊಟ್ಟಿತು. ಮೊದಲು ಬೆಟ್ಟ ನಿಂತಿತು, ಆಮೇಲೆ ಮೆಟ್ಟಿಲು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು. ಕಿಟಕಿಯ ಪಕ್ಕ ಮಂಚ, ಮಂಚದ ಪಕ್ಕ ಆಮ್ಲಜನಕದ ಸಿಲಿಂಡರು. ನಾನು ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಚಕ್ರದ ಬೆಂಡ್ ತೆಗೆದೆ, ಬ್ರೇಕ್ ರಬ್ಬರ್ ಕೂರಿಸಿದೆ. ಅವರು ಬೆರಳಿನಲ್ಲೇ ಇನ್ನೂ ಸ್ವಲ್ಪ, ಸಾಕು ಎಂದು ತೋರಿಸುತ್ತಿದ್ದರು. ಹೊದಿಕೆಯಿಂದ ಹೊರಗೆ ಚಾಚಿದ್ದ ಬಲಗಾಲು ಬೆಳ್ಳಗಿತ್ತು. ಆ ಕಪ್ಪು ಗುರುತು ಹೋಗಿಬಿಟ್ಟಿತ್ತು. ಕಾಕು ಕೂಡ ಅದನ್ನೇ ನೋಡುತ್ತಿದ್ದರು.

"ನಾಳೆ ಐತವಾರ. ಇದನ್ನ ತಗೊಂಡು ಹೋಗು," ಅಂದರು ಕಾಕಾ.

"ನೀವು ಹುಷಾರಾಗಿ, ನೀವೇ ಹತ್ತಿ."

"ನಾ ಹತ್ತಂಗಿಲ್ಲ ಯವ್ವಾ. ಅದಾದ್ರೂ ಹತ್ತಲಿ."

ಹೋದೆ. ಹಸಿರು ಸೈಕಲ್ಲು ಕಿರ್ ಅನ್ನದೆ ಏರಿತು. ಕೊನೆಯ ತಿರುವುಗಳಲ್ಲಿ ತೊಡೆ ಸಿಡಿಯುತ್ತಿತ್ತು, ನಡೆಯುವುದಕ್ಕಿಂತ ನಿಧಾನವಾಗಿ ತುಳಿದೆ. ತುದಿಯಲ್ಲಿ ನಿಂತು ಫೋನ್ ಮಾಡಿದೆ. ಕಾಕು ಫೋನನ್ನು ಕಾಕಾನ ಕಿವಿಗೆ ಹಿಡಿದರು.

"ಕಾಲೂರಿದೇನು?"

"ಇಲ್ಲ ಕಾಕಾ, ದೇವರಾಣೆ. ಎಲ್ಲೂ ಊರ್ಲಿಲ್ಲ."

ಬಹಳ ಹೊತ್ತು ಉಸಿರಿನ ಸದ್ದಷ್ಟೇ ಕೇಳಿಸಿತು. ಆಮೇಲೆ, "ಭೇಷ್. ಹಗುರಕ ಇಳಿ."

ಹಗುರಕ್ಕೇ ಇಳಿದೆ. ಜನ್ಮದಲ್ಲಿ ಮೊದಲ ಸಲ ಅವರ ಮಾತು ಕೇಳಿದೆ. ಬೆರಳು ಮರಗಟ್ಟುವ ತನಕ ಬ್ರೇಕ್ ಹಿಡಿದೆ. ಹುಡುಗರು "ಆಂಟಿ, ಸೈಡ್!" ಎಂದು ಕಿರುಚಿ ಹಾರಿಹೋದರು. ಬೇರೆ ದಿನವಾಗಿದ್ದರೆ ಅಟ್ಟಿಸಿಕೊಂಡು ಹೋಗಿ ನಾಲ್ಕು ಮಾತು ಅನ್ನುತ್ತಿದ್ದೆ. ಅವತ್ತು ನಕ್ಕು ಬಿಟ್ಟೆ. ಬೆಟ್ಟದ ಬುಡದಲ್ಲಿ ಕಾಕಾ ಯಾವಾಗಲೂ ನಿಲ್ಲುತ್ತಿದ್ದ ಅಂಗಡಿಯಲ್ಲಿ ನಿಂತು ಚಾ ಕುಡಿದೆ. ಅವರಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಮನೆ ತಲುಪಿದೆ.

ಗೇಟಿನ ಮುಂದೆ ಚಪ್ಪಲಿಗಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ಒಂಟೋದ್ರು ಕಣವ್ವ."

ಸೈಕಲ್ ಕೈಬಿಟ್ಟು ಮೇಲೆ ಓಡಿದೆ. "ನಂಗೊಂದು ಫೋನ್ ಮಾಡ್ಬಾರ್ದಿತ್ತಾ ಕಾಕು? ಹಾರ್ಕೊಂಡು ಬರ್ತಿದ್ದೆ!" ಎಂದು ಹೆಣದ ಮುಂದೆಯೇ ಕೂಗಾಡಿದೆ.

ಕಾಕು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. "ಉಸಿರು ಹಿಡಿಯಾಕ ಹತ್ತಿದಾಗ ನಿನಗ ಫೋನ್ ಹಚ್ಚಾಕ ಹೋದ್ನಿ. ಕೈ ಹಿಡಿದ್ರು. ಬ್ಯಾಡ, ಇನ್ನೂ ಇಳಿಯಾಕ ಹತ್ತ್ಯಾಳ, ಓಡಿ ಬಂದು ಬಿದ್ದಾಳು ಅಂದ್ರು."

ಸೈಕಲ್ಲು ಈಗ ನನ್ನ ಹತ್ತಿರವಿದೆ. ಕಾಕು ಮಗಳ ಊರಿಗೆ ಹೋದರು. ಭಾನುವಾರ ನಂದಿ ಹತ್ತುತ್ತೇನೆ, ಕಾಲೂರುವುದಿಲ್ಲ. ಇಳಿಯುವಾಗ ಮಾತ್ರ ಗಟ್ಟಿಯಾಗಿಯೇ ಅವರ ಜೊತೆ ಜಗಳಕ್ಕಿಳಿಯುತ್ತೇನೆ. ಅವತ್ತು ನೀವಂದ ಹಾಗೇ ಹಗುರಕ ಇಳಿದೆನಲ್ಲ ಕಾಕಾ, ಅದಕ್ಕೇ ನೀವು ನನಗೆ ಸಿಗಲಿಲ್ಲ.